ಬಲಗಡೆ ಕೂತರೆ ಬೆಟ್ಟ ಕಾಣುತ್ತದಂತೆ

ಯುರೋಪಿನಲ್ಲಿ ರೈಲು ಪ್ರಯಾಣ ನೀರು ಕುಡಿದಷ್ಟು ಸುಲಭ ಎನ್ನುವವರೆಲ್ಲ ಏನೋ ಒಂದನ್ನು ಬಿಟ್ಟು ಹೇಳುತ್ತಿದ್ದಾರೆ ಎಂಬುದು ನನ್ನ ಗುಮಾನಿ. ಏನನ್ನು ಬಿಡುತ್ತಿದ್ದಾರೆಂದು ಕಳೆದ ಭಾನುವಾರದವರೆಗೆ ನನಗೂ ಗೊತ್ತಿರಲಿಲ್ಲ, ಬಿಡಿ. ಆದರೆ ಕಾಲೇಜಿನ ನಾಲ್ಕು ವರ್ಷವನ್ನೂ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಹತ್ತು ಜನ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸಾಕ್ಷಿ ಏನು ಕಂಡ ಎಂದು ಕೇಳುವ ಮೊದಲು ಎಲ್ಲಿ ನಿಂತು ಕಂಡ ಎಂದು ಕೇಳು ಅಂತ ನಮಗೆ ಕಲಿಸಿದ್ದರು.

ನಮ್ಮ ಬಳಗದಲ್ಲಿ ಈ ಮಾತಿನ ಮೂಲಪುರುಷರು, ಅಮೆರಿಕದಲ್ಲಿ ಈಗಿರುವ ಊರಿನ ಹೆಸರಿನಿಂದಲೇ ನಾವು ಕರೆಯುವ ಬಾಸ್ಕಿಂಗ್ ರಿಡ್ಜ್ ಅಂಕಲ್. ಧಾರವಾಡದವರು, ಅಪ್ಪನ ಹಳೆಯ ಗೆಳೆಯರು, ಮೂರು ಸಲ ಯುರೋಪ್ ಸುತ್ತಿ ಬಂದವರು. ಅಪ್ಪ, ಅಮ್ಮ, ನಾನು ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಹೊರಟಿದ್ದೇವೆಂದು ತಿಳಿದದ್ದೇ ಊಟಕ್ಕೆ ಕರೆದರು. ಊಟ ನೆಪ, ಉಪನ್ಯಾಸ ಮುಖ್ಯ. ಅಲ್ಲಿನ ರೈಲು ಅರೆಗಳಿಗೆಯೂ ತಡವಾಗುವುದಿಲ್ಲವಂತೆ. ಒಂದು ಪಾಸ್ ಕೊಂಡರೆ ಯಾವ ರೈಲಿಗಾದರೂ ನುಗ್ಗಬಹುದಂತೆ. ಎಂಟು ನಿಮಿಷವಿದ್ದರೆ ಒಂದು ರೈಲಿಂದ ಇಳಿದು ಇನ್ನೊಂದು ಹತ್ತಿ ಕೂತು ಉಸಿರಾಡಲಿಕ್ಕೂ ಸಮಯ ಉಳಿಯುತ್ತದಂತೆ. ಕೊನೆಗೆ ಬೆರಳೆತ್ತಿ, "ಬಲಗಡೆ ಕೂಡ್ರಿ. ಬೆಟ್ಟ ಎಲ್ಲಾ ಆ ಕಡೆನೇ" ಎಂದರು.

ಅಮ್ಮ ಅದನ್ನು ಫೋನಿನಲ್ಲಿ ಬರೆದುಕೊಂಡಳು. ಅಮೆರಿಕಕ್ಕೆ ಬಂದ ಮೇಲೆ ಅವಳು ಮಾಡಿದ ಪ್ರಯಾಣವೆಲ್ಲ ಯಾರದೋ ಮದುವೆಗೆ, ಇಲ್ಲವೇ ಯಾರದೋ ಬಾಣಂತನಕ್ಕೆ. ತನಗೋಸ್ಕರ ಹೊರಟಿರುವುದು ಇದೇ ಮೊದಲು. ಕೇಳಿದ್ದೂ ಒಂದೇ ಒಂದು: ಓಡುವ ರೈಲಿನ ಕಿಟಕಿಯಲ್ಲಿ ಹಿಮದ ಬೆಟ್ಟ, ಕೈಯಲ್ಲಿ ಬಿಸಿ ಕಾಫಿ. ಅದೊಂದು ತಪ್ಪಿಹೋದರೆ ಉಳಿದ ಯುರೋಪನ್ನು ಏನು ಮಾಡೋಣ?

ಹಾಗಾಗಿ ಅಂಕಲ್ ಮಂಡಿಸಿದ ವಾದವನ್ನು ಜಾಲಾಡುವುದು ನನ್ನ ಕರ್ತವ್ಯವಾಯಿತು. ಮ್ಯಾನ್‌ಹಟನ್‌ನಿಂದ ಮನೆಗೆ ಬರುವ ರೈಲಿನಲ್ಲಿ ಆಲ್ಪ್ಸ್ ಪರ್ವತದ ವೇಳಾಪಟ್ಟಿ ಓದುತ್ತ ಕೂತು ಎರಡು ಸಲ ನಮ್ಮೂರು ಹಿಕ್ಸ್‌ವಿಲ್ ದಾಟಿಹೋದೆ. ಆದರೇನು, ಸರಕು ಸಿಕ್ಕಿತು. ಕೆಲವು ರೈಲುಗಳಿಗೆ ಪಾಸ್ ಇದ್ದರೂ ಸೀಟನ್ನು ಬೇರೆಯಾಗಿ ಕಾದಿರಿಸಬೇಕು. ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಪ್ಲಾಟ್‌ಫಾರ್ಮ್ ಮೇಲೆ ಅಕ್ಷರಗಳಿರುತ್ತವೆ, ಅದನ್ನು ನೋಡಿ ಮೊದಲೇ ಅಲ್ಲಿ ಹೋಗಿ ನಿಲ್ಲಿ. ಕೆಲವು ರೈಲುಗಳಂತೂ ನಡುದಾರಿಯಲ್ಲಿ ಎರಡಾಗಿ, ಮುಂದಿನರ್ಧ ಒಂದೂರಿಗೆ, ಹಿಂದಿನರ್ಧ ಇನ್ನೊಂದೂರಿಗೆ ಹೋಗುತ್ತವೆ! ಓದಿದವಳಿಗೆ ಭಯವಾಗಬೇಕಿತ್ತು. ನನಗೋ ನಾಳೆಯೇ ಹೊರಡಬೇಕೆನ್ನಿಸಿತು.

ಇಷ್ಟರಲ್ಲಿ ನಡುಮನೆಯಲ್ಲಿ ನಾಲ್ಕು ದೊಡ್ಡ ಸೂಟ್‌ಕೇಸುಗಳು ಸಾಲಾಗಿ ನಿಂತವು. ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಎರಡು ಬಗೆಯ ಚಟ್ನಿಪುಡಿ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಒಂದೊಂದನ್ನೇ ನಿಲ್ಲಿಸಿ ಅಮ್ಮ ತೃಪ್ತಿಯಿಂದ ತಲೆಯಾಡಿಸಿದಳು. ನಮ್ಮವರ ತಪ್ಪೇ ಇದು. ಪೆಟ್ಟಿಗೆಯನ್ನು ವಿಮಾನ ಎಷ್ಟು ಹೊರುತ್ತದೆಂದು ನೋಡಿ ತುಂಬುತ್ತೇವೆ. ರೈಲಿನ ಮೆಟ್ಟಿಲ ಮೇಲೆ ಅದನ್ನು ಎತ್ತಬೇಕಾದ್ದು ನಮ್ಮ ತೋಳು ಎಂಬುದು ನೆನಪಾಗುವುದೇ ಇಲ್ಲ. ತಲೆಗೊಂದೇ ಚಿಕ್ಕ ಬ್ಯಾಗ್ ಸಾಕೆಂದು ವಾದಿಸಿದೆ. ಇಂಗ್ಲಿಷಿನಲ್ಲಿ ಕಪ್‌ಗಳನ್ನು ಗೆದ್ದವಳು ನಾನು, ಅಮ್ಮನ ಎದುರು ಕನ್ನಡದಲ್ಲಿ ಇವತ್ತಿನವರೆಗೆ ಒಂದು ಸುತ್ತನ್ನೂ ಗೆದ್ದಿಲ್ಲ.

ಪುರಾವೆ ಬೇಕಿತ್ತು. ಶನಿವಾರ ಬೆಳಿಗ್ಗೆ ಅಪ್ಪ, ಅಮ್ಮ ಮತ್ತು ನಾಲ್ಕೂ ಸೂಟ್‌ಕೇಸುಗಳನ್ನು ಹಿಕ್ಸ್‌ವಿಲ್ ಸ್ಟೇಷನ್ನಿಗೆ ಹೊರಡಿಸಿದೆ. ಮ್ಯಾನ್‌ಹಟನ್ ದಾರಿಯಲ್ಲೇ ಸಿಗುವ ಕ್ವೀನ್ಸ್‌ನ ಜಮೈಕಾ ಸ್ಟೇಷನ್ನಿನಲ್ಲಿ ಇಳಿದು ಬೇರೆ ರೈಲು ಹತ್ತುವುದು, ಅದೇ ನಮ್ಮ ಪೂರ್ವಾಭ್ಯಾಸ. ದಾರಿಯಲ್ಲಿ ದಿನಸಿ ಅಂಗಡಿಯವರು, ಇಂಡಿಯಾಗಾ, ಎಂದು ಕೇಳಿದರು. ಅಪ್ಪ ನೆಲ ನೋಡುತ್ತ, ಇಲ್ಲ, ಪ್ರಾಕ್ಟೀಸಿಗೆ, ಎಂದರು.

ಜಮೈಕಾದಲ್ಲಿ ಅಪ್ಪ ಟಿಕೆಟ್ಟುಗಳ ಜವಾಬ್ದಾರಿ ಹೊತ್ತು, ಅಂದರೆ ಬರಿಗೈಯಲ್ಲಿ, ಮೊದಲು ಹತ್ತಿ ಕಿಟಕಿ ಹಿಡಿದರು. ನಾನು ಎರಡು, ಅಮ್ಮ ಎರಡು ಪೆಟ್ಟಿಗೆ ಎಳೆದುಕೊಂಡು ಒಳಬಿದ್ದೆವು. ಗಡಿಯಾರ ನೋಡಿದೆ. ಎಂಟು ನಿಮಿಷವೂ ಆಗಿರಲಿಲ್ಲ. ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ, ಆ ಅಂಶದಲ್ಲಿ ಅಂಕಲ್ ಗೆದ್ದರು.

ಆಮೇಲೆ ಅಮ್ಮನನ್ನು ನೋಡಿದೆ. ಓಡಾಡುವ ದಾರಿಯ ಪಕ್ಕದ ಸೀಟಿನ ತುದಿಯಲ್ಲಿ ಕೂತಿದ್ದಳು, ಎರಡೂ ಕೈ ಎರಡು ಸೂಟ್‌ಕೇಸಿನ ಹಿಡಿಯ ಮೇಲೆ. ಹೊರಗೆ ಕ್ವೀನ್ಸ್ ಓಡುತ್ತಿತ್ತು. ಅವಳ ಕಣ್ಣು ಚಕ್ರಗಳ ಮೇಲಿತ್ತು.

"ಕಿಟಕಿ ಹತ್ರ ಕೂತ್ಕೋ ಅಮ್ಮ."

"ಬ್ಯಾಗ್ ಯಾರು ನೋಡ್ಕೋತಾರೆ ಪುಟ್ಟಿ?"

ಅವಳದು ದೂರು ಆಗಿರಲಿಲ್ಲ. ಒಲೆ ಮೇಲೆ ಹಾಲಿದೆ ಅನ್ನುವಷ್ಟು ಸಹಜವಾಗಿ ಹೇಳಿದ್ದಳು.

ಮರುದಿನ, ಭಾನುವಾರ, ಬಾಸ್ಕಿಂಗ್ ರಿಡ್ಜ್ ಅಂಕಲ್ ಮತ್ತು ಆಂಟಿ ಹಿಕ್ಸ್‌ವಿಲ್‌ಗೆ ದಿನಸಿಗೆ ಬಂದವರು, ಯುರೋಪಿನ ಪ್ಲಗ್ ಕೊಡಲು ಮನೆಗೂ ಬಂದರು. ಅಂಕಲ್ ಸೋಫಾದಲ್ಲಿ ಕೂತು, ಬಲಗಡೆ ಅನ್ನೋದು ಮರೀಬ್ಯಾಡ್ರಿ, ಎಂದು ಶುರು ಮಾಡಿದರು. ಆ ಬೆಟ್ಟ ನಿಜವಾಗಿ ಹೇಗಿತ್ತು ಎಂದು ನಾನು ಆಂಟಿಯನ್ನು ಕೇಳಿದೆ. ಮೂರು ಪ್ರವಾಸಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಚಹಾ ಕಪ್ ಕೆಳಗಿಟ್ಟು ಯೋಚಿಸಿದರು.

"ನಾ ಎಲ್ಲಿ ಬೆಟ್ಟ ನೋಡೀನವಾ? ಬ್ಯಾಗ್ ಎಣಸೂದ್ರಾಗ ಹೋತು ಸ್ವಿಟ್ಜರ್ಲೆಂಡ್. ಬೆಟ್ಟ ಆಮ್ಯಾಲೆ ಇವರ ಫೋಟೋದಾಗ ನೋಡಿದೆ. ಛಲೋ ಬಂದಾವ ಫೋಟೋ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ನಗು ಅರ್ಧಕ್ಕೇ ನಿಂತಿತು. ಎದ್ದು ಹೋಗಿ, ಮೊದಲ ಸೂಟ್‌ಕೇಸನ್ನು ಮಲಗಿಸಿ, ಜಿಪ್ ತೆಗೆದು, ರೈಸ್ ಕುಕ್ಕರನ್ನು ಎತ್ತಿ ಅಪ್ಪನ ಮಡಿಲಲ್ಲಿಟ್ಟಳು. ಅಪ್ಪ ಅದನ್ನು ಹಿಡಿದುಕೊಂಡು ಕೂತರು.

ಸಾಕ್ಷಿಯನ್ನು ಕೇಳಬೇಕಾದ್ದು ಇನ್ನೊಂದೇ ಉಳಿದಿತ್ತು.

"ಅಂಕಲ್, ನೀವು ಬಲಗಡೆ ಕಿಟಕಿ ಹತ್ರ ಕೂತಿದ್ರಿ, ಸರಿ. ಆಂಟಿ ಎಲ್ಲಿ ಕೂತಿದ್ರು?"