ಒಂದೊಂದೇ ಬೋಲ್ಟು

ಶ್ರೀಕಂಠ ಅಂಕಲ್ ಎರಡು ಬೋಲ್ಟುಗಳನ್ನು ಒಟ್ಟಿಗೆ ಕೊಂಡದ್ದನ್ನು ನಾನು ನೋಡಲೇ ಇಲ್ಲ. ಎಷ್ಟೇ ಬೇಕಿದ್ದರೂ ತರುತ್ತಿದ್ದದ್ದು ಒಂದೇ. ಅದಕ್ಕಾಗಿ ಶನಿವಾರ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ನಾವಿದ್ದ ನಾರ್‌ಕ್ರಾಸ್‌ನಿಂದ ಎರಡು ಗಂಟೆ ಕಾರು ಓಡಿಸಿ ಸೌತ್ ಕ್ಯಾರೊಲಿನಾಕ್ಕೆ ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ವೀಸಾ ಮೇಲೆ ಬಂದ ಪ್ರೋಗ್ರಾಮರ್. ಅವರು ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯವರು, ಮೈಸೂರಿನ ಒಂಟಿಕೊಪ್ಪಲಿನಿಂದ ಬಂದು ಇಪ್ಪತ್ತು ವರ್ಷವಾಗಿದ್ದ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಾರು ನಿಲ್ಲಿಸುವ ಕಾರ್‌ಪೋರ್ಟಿನ ಸೂರಿನಡಿ ಎರಡನೇ ಮಹಾಯುದ್ಧಕಾಲದ ಒಂದು ಹಸಿರು ಜೀಪಿತ್ತು.

"ಇಂಥ ಹಳೇ ಗಾಡಿ ಯಾಕೆ ಅಂಕಲ್?" ಎಂದು ಕೇಳಿದ್ದೆ.

"ಬಾಗ್ಲಿಲ್ಲ, ಕಿಟಕಿ ಇಲ್ಲ. ಏನ್ ಕೆಟ್ಟಿದೆ ಅಂತ ಕಣ್ಣಿಗೇ ಕಾಣ್ಸುತ್ತೆ ಕಣೋ," ಎಂದರು.

ಆ ಕಾಲದ ಜೀಪಿನ ಬೋಲ್ಟುಗಳ ತಲೆಯ ಮೇಲೆ ತಯಾರಕರ ಅಕ್ಷರ ಅಚ್ಚಾಗಿರುತ್ತಿತ್ತು. ಬೇರೆ ಬೋಲ್ಟು ಹಾಕಿದರೂ ಗಾಡಿ ಓಡುತ್ತದೆ, ಆದರೆ ಹಳೇ ಜೀಪಿನ ಹುಚ್ಚು ಹಿಡಿದವರು ಒಪ್ಪುವುದಿಲ್ಲ. ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್ ಆಚೆ ಅರ್ಲ್ ಎಂಬ ಮುದುಕನ ಶೆಡ್ಡಿನಲ್ಲಿ ಅಂಥವು ಡಬ್ಬಗಟ್ಟಲೆ ಇದ್ದವು. ಇನ್ನು ಹನ್ನೆರಡು ಬೋಲ್ಟು ಹಾಕಿದರೆ ಜೀಪು ಪೂರ್ತಿ ಎನ್ನುವಾಗ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅರ್ಲ್ ಡಬ್ಬವನ್ನು ಮೇಜಿನ ಮೇಲೆ ಸುರಿದ. ಇಬ್ಬರೂ ತುಕ್ಕು ಉಜ್ಜಿ ಅಕ್ಷರ ಹುಡುಕುತ್ತ, ನಮ್ಮ ಕಾಫಿ ಕುಡಿಯುತ್ತ ಮಧ್ಯಾಹ್ನ ಮಾಡಿದರು. ಅಂಕಲ್ ಕೊನೆಗೆ ಒಂದು ಬೋಲ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಎದ್ದರು.

"ಉಳಿದ ಹನ್ನೊಂದೂ ಇವತ್ತೇ ತಗೋಬಹುದಿತ್ತಲ್ಲ?"

"ಮುಂದಿನ್ ವಾರ ನೋಡೋಣ ಬಿಡು."

ನನಗೆ ತಡೆಯಲಾಗಲಿಲ್ಲ. ಯಾವ ಕೆಲಸವನ್ನೂ ಬೇಗ ಮುಗಿಸುತ್ತೇನೆಂಬ ಜಂಬ ಬೇರೆ. ಕ್ಯಾಟಲಾಗ್ ನೋಡಿ ಆ ವಾರದೊಳಗೇ ಹನ್ನೊಂದು ಬೋಲ್ಟುಗಳನ್ನೂ ತರಿಸಿ, ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟೆ. ಡಬ್ಬ ತೆರೆದವರು, "ಎಲ್ಲಾ ಸಿಕ್ಬಿಡ್ತಾ?" ಎಂದಷ್ಟೇ ಕೇಳಿದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಅವತ್ತೇ ನಾನೇ ಮುಂದೆ ನಿಂತು ಎಲ್ಲವನ್ನೂ ಬಿಗಿಸಿದೆ. ಜೀಪು ಪೂರ್ತಿಯಾಯಿತು.

ಆ ಶನಿವಾರ ಅವರು ಫ್ಲಾಸ್ಕನ್ನು ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಅರ್ಲ್ ಹತ್ರ ಹೋಗ್ಲಿಲ್ವಾ ಅಂಕಲ್?"

"ಹೋಗಿ ಏನ್ ಕೇಳ್ಲಿ?"

"ಸುಮ್ನೆ ಮಾತಾಡಿಸ್ಕೊಂಡ್ ಬನ್ನಿ."

"ಸುಮ್ಸುಮ್ನೆ ಒಬ್ಬರ ಮನೆಗೆ ಹೋಗೋಕೆ ಇದೇನು ಒಂಟಿಕೊಪ್ಪಲಾ?"

ನನಗೆ ಮುಖ ಎತ್ತಲಾಗಲಿಲ್ಲ. ಆಮೇಲೆ ಎಷ್ಟೋ ಶನಿವಾರ ಅವರು ಅಲ್ಲೇ ಕೂತಿರುತ್ತಿದ್ದರು. ನಾನು ಬಟ್ಟೆಬುಟ್ಟಿ ಹಿಡಿದು ಲಾಂಡ್ರಿಗೆ ಓಡುತ್ತಿದ್ದೆ. ಒಂದು ಗಳಿಗೆ ಪಕ್ಕದಲ್ಲಿ ಕೂರಬಹುದಿತ್ತು, ಕೂರಲಿಲ್ಲ.

ನನಗೆ ವರ್ಜೀನಿಯಾದಲ್ಲಿ ಪ್ರಾಜೆಕ್ಟ್ ಸಿಕ್ಕಿ ಸೆಂಟರ್‌ವಿಲ್‌ಗೆ ಹೊರಡುವ ಹಿಂದಿನ ದಿನ, ಶುಕ್ರವಾರ ಸಂಜೆ, ಅಂಕಲ್ ಕಾರ್‌ಪೋರ್ಟಿಗೆ ಕರೆದರು. ಕೈಯಲ್ಲಿ ಸ್ಪ್ಯಾನರ್ ಇತ್ತು.

"ಬಂಪರಿಂದು ಒಂದು ಬೋಲ್ಟ್ ಎಲ್ಲೋ ಬಿದ್ಹೋಗಿದೆ ಕಣೋ," ಎಂದರು. ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕಳೆಯಿತ್ತು. ಷರ್ಟಿನ ತೆಳುವಾದ ಜೇಬಿನಲ್ಲಿ ಬೋಲ್ಟಿನ ಆಕಾರ ಎದ್ದು ಕಾಣುತ್ತಿತ್ತು. ನಾನು ಬಗ್ಗಿ ಬಂಪರಿನ ಕೆಳಗೆ ಹುಡುಕಿದಂತೆ ಮಾಡಿದೆ.

"ನಾಳೆ ಅರ್ಲ್ ಹತ್ರ ಹೋಗ್ತಿದೀನಿ. ನೀನೂ ಬರ್ತೀಯಾ?"

"ಸಾಮಾನು ಸಾಗಿಸೋ ಟ್ರಕ್ ಬುಕ್ ಆಗಿದೆ ಅಂಕಲ್."

"ಹೌದಲ್ವಾ," ಎಂದು ನನ್ನ ಭುಜ ತಟ್ಟಿದರು. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಅದೇ.

ಒಂದು ವರ್ಷದ ಮೇಲೆ ಅವರು ಹೋಗಿಬಿಟ್ಟರೆಂದು ಪಕ್ಕದ ಮನೆಯ ಆಂಟಿ ಫೋನ್ ಮಾಡಿದರು. ಜೀಪನ್ನು ಅರ್ಲ್ ಬಂದು ತೆಗೆದುಕೊಂಡು ಹೋದನಂತೆ. ಅಂಕಲ್ ಅಡುಗೆಮನೆಯಲ್ಲಿ ನನ್ನ ಹೆಸರು ಬರೆದ ಡಬ್ಬವೊಂದು ಸಿಕ್ಕಿತೆಂದು ಆಂಟಿಯೇ ಅಂಚೆಯಲ್ಲಿ ಕಳಿಸಿದರು. ಡ್ರಾಫ್ಟ್ಸ್‌ಮನ್‌ನ ದುಂಡಾದ ಅಕ್ಷರ. ಒಳಗೆ ನಾನು ಕೊಟ್ಟಿದ್ದ ಬೋಲ್ಟುಗಳಿದ್ದವು, ಎಣ್ಣೆ ಒರೆಸಿ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದ್ದರು. ಎಣಿಸಿದೆ, ಹನ್ನೊಂದೂ ಇದ್ದವು. ಒಂದೊಂದಾಗಿ ಬಿಚ್ಚಿಟ್ಟು, ಅದರ ಜಾಗಕ್ಕೆ ಒಂದೊಂದು ತರಲು ಹನ್ನೊಂದು ಶನಿವಾರ ಅವರು ಅರ್ಲ್ ಮನೆಗೆ ಹೋಗಿದ್ದರು. ಅದರಲ್ಲಿ ಮೊದಲನೆಯದಕ್ಕೆ ನನ್ನನ್ನೂ ಕರೆದಿದ್ದರು.