ವಿಲ್ಬರನ ಅಂಗಾಲು

ಇಲ್ಲ, ಬೆಕ್ಕಲ್ಲ, ಸೋರುವ ಜಾಗವನ್ನು ವಿಲ್ಬರನೇ ಕಂಡುಹಿಡಿಯುತ್ತಿದ್ದ. ಬೆಕ್ಕಾದರೆ ಬೆಚ್ಚಗಿರುವ ಕಡೆ ಮಲಗಿ ಸುಮ್ಮನಾಗುತ್ತದೆ. ವಿಲ್ಬರ್ ಸ್ಟ್ರೋಮ್ ಹಾಗಲ್ಲ, ನೆಲದಡಿ ಕೊಳವೆ ಎಲ್ಲಿ ತೂತಾಗಿದೆ ಎಂದು ಗೇಣಿನ ಲೆಕ್ಕದಲ್ಲಿ ಹೇಳುತ್ತಿದ್ದ. ನಗಿ, ನಗಿ. ಇಲ್ಲಿ ಹೊಸದಾಗಿ ಮನೆ ಕೊಂಡವರೆಲ್ಲ ಮೊದಲು ನಗುತ್ತಾರೆ, ನೆಲ ಒದ್ದೆಯಾದ ಮೇಲೆ ನನ್ನ ಬಾಗಿಲು ಬಡಿಯುತ್ತಾರೆ.

ನಮ್ಮ ಸೀಡರ್ ಗ್ಲೆನ್ ಬಡಾವಣೆಯ ನೂರಿಪ್ಪತ್ತು ಮನೆಗಳೂ ಒಂದೇ ನಕ್ಷೆಯವು ತಾನೆ? ಆರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ, ಆರು ಇಳಿದರೆ ಅರ್ಧ ಮಣ್ಣಿನಲ್ಲಿ ಹೂತ ಕೆಳಕೋಣೆ. ಅದರ ನೆಲದ ಕಾಂಕ್ರೀಟಿನೊಳಗೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು, ಬಿಸಿನೀರಿನ ತಾಮ್ರದ ಕೊಳವೆ ಹಾವಿನ ಹಾಗೆ ಸುತ್ತಿಕೊಂಡಿದೆ. ಅದು ಸೋರಿದರೆ ಬೇರೆ ಪ್ಲಂಬರುಗಳು ಇಡೀ ನೆಲವನ್ನೇ ಅಗೆದು ಗುಡ್ಡೆ ಹಾಕುತ್ತಿದ್ದರು. ವಿಲ್ಬರ್ ಮಾತ್ರ ಶೂ ಬಿಚ್ಚಿ, ಕಣ್ಣು ಮುಚ್ಚಿ, ಬರಿಗಾಲಲ್ಲಿ ನಾಲ್ಕು ಸುತ್ತು ನಡೆಯುತ್ತಿದ್ದ. ಎಲ್ಲಿ ಬಿಸಿ ಹೆಚ್ಚೋ ಅಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ. ಅಷ್ಟೇ ಒಡೆದರೆ ಸಾಕು. ಒಮ್ಮೆ ಪಾದ್ರಿಯ ಮನೆಯಲ್ಲಿ ಕಾಲಿಟ್ಟವನೇ, ಇಲ್ಲಿ ಇವತ್ತು ಬೆಳಿಗ್ಗೆ ಯಾರೋ ಕಾಫಿ ಚೆಲ್ಲಿದ್ದಾರೆ, ಎರಡು ಚಮಚ ಸಕ್ಕರೆ ಎಂದನಂತೆ. ಪಾದ್ರಿ ಕಾಫಿ ಬಿಟ್ಟಿದ್ದೇನೆಂದು ಹೆಂಡತಿಗೆ ಹೇಳಿ ವರ್ಷವಾಗಿತ್ತು. ಸರಿ, ಸಕ್ಕರೆ ನಾನು ಸೇರಿಸಿದ್ದು. ಕಾಫಿ ನಿಜ.

ಆ ಕಾಲೇ ಅವನ ಅನ್ನ. ಓದು ಬರಹ ಅಷ್ಟಕ್ಕಷ್ಟೆ, ಬೇರೆ ಕೆಲಸ ಗೊತ್ತಿರಲಿಲ್ಲ. ನಾನು ಅವನ ವ್ಯಾನ್ ಓಡಿಸುತ್ತಿದ್ದೆ.

ಅರವತ್ತೆಂಟರ ಜನವರಿಯಲ್ಲಿ ಇದೇ ಬಡಾವಣೆಯ ಲೊರೇನ್ ಪೆಟಿಟ್ ನೆಲ ಸೋರುತ್ತಿದೆ ಎಂದು ಕರೆದಳು. ವಿಲ್ಬರನಿಗೆ ನಡೆಯಲು ಅನುಕೂಲವಾಗಲಿ ಎಂದು ಕೆಳಕೋಣೆಯ ಕಾರ್ಪೆಟ್ ಕಿತ್ತು ಸುತ್ತಿಟ್ಟಿದ್ದಳು. ಗೋಡೆಗುಂಟ ಕಾರ್ಪೆಟ್ ಹಿಡಿದಿಡುವ, ಮೊನೆ ಮೇಲೆದ್ದ ಮೊಳೆಪಟ್ಟಿ ಹಾಗೇ ಉಳಿದಿತ್ತು. ಅದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ.

ವಿಲ್ಬರ್ ಎರಡು ಸುತ್ತು ನಡೆದ, ಮೂರು ನಡೆದ, ಐದು ನಡೆದ. ಸೀಮೆಸುಣ್ಣ ಕೈಯಲ್ಲೇ ಇತ್ತು. ಬಾಯ್ಲರ್ ಆರಿಸಿದ್ದೀಯಾ ಎಂದು ಕೇಳಿದ. ಇಲ್ಲ, ಹೊತ್ತಿ ಉರಿಯುತ್ತಿದೆ ಎಂದಳು ಲೊರೇನ್. ಹಾಗಾದರೆ ಬಾಯ್ಲರ್ ಕೆಟ್ಟಿದೆ ಎಂದ. ಆಮೇಲೆ ಹಿಂದಿರುಗಿ ನೆಲ ನೋಡಿ ಗದರಿದ.

"ಏನಮ್ಮಾ ಲೊರೇನ್, ಯಾರೋ ಕೆಂಪು ಬಣ್ಣ ತುಳ್ಕೊಂಡು ಮನೆಯೆಲ್ಲಾ ಓಡಾಡಿದಾರಲ್ಲ."

ಬೂದು ನೆಲದ ಮೇಲೆ ಐದು ಸುತ್ತು ಹೆಜ್ಜೆ. ಕೊನೆಯದು ಅವನ ಹಿಮ್ಮಡಿಯ ಕೆಳಗೇ ಹರಡುತ್ತಿತ್ತು. ಲೊರೇನ್ ಬಾಯಿಗೆ ಕೈಯಿಟ್ಟುಕೊಂಡಳು. ನಾನು ತೋಳು ಹಿಡಿದು ಅವನನ್ನು ಮೆಟ್ಟಿಲ ಮೇಲೆ ಕೂರಿಸಿದೆ.

ಅವನು ಕಾಲು ತಿರುಗಿಸಿ ನೋಡಿದ. ಅಂಗಾಲಿನಲ್ಲಿ ಮೂರು ಮೊಳೆ ಮುರಿದು ನಿಂತಿದ್ದವು. ಒಂದನ್ನು ಬೆರಳಿನಿಂದ ಅಲುಗಾಡಿಸಿದ, ಬೇರೆಯವರ ಕಾಲು ಮುಟ್ಟಿದಂತೆ.

"ನೋವೇ ಇಲ್ಲ ಕಣೋ," ಎಂದ. "ಯಾಕೋ ನೋವಿಲ್ಲ?"

ಅವನ ಮುಖ ಸುಣ್ಣವಾಗುತ್ತಾ ಬಂತು. ಏನೋ ಲೆಕ್ಕ ಹಾಕುತ್ತಿದ್ದ.

"ಈ ಚಳಿಗಾಲ ಯಾರ ಮನೇಗೆ ಹೋದ್ರೂ ನೆಲ ತಣ್ಣಗಿತ್ತು. ಬಾಯ್ಲರ್ ಹಳೇದಾಯ್ತು ಅಂದ್ಬಿಟ್ಟೆ. ಮೂರು ಮನೆಯವ್ರು ನನ್ನ ಮಾತು ಕೇಳಿ ಬದಲಾಯಿಸಿದ್ರು."

ಲೊರೇನ್ ಬಿಸಿನೀರು, ಬಟ್ಟೆ ತಂದಳು. ನಾನು ಮೊಳೆ ಕೀಳುವಾಗಲೂ ಅವನು ಅತ್ತ ನೋಡಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದರೆ ಆಗುವುದಿಲ್ಲ, ಹಿಡಿದ ಕೆಲಸ ಮುಗಿದಿಲ್ಲ ಎಂದ.

"ಶೂ ಬಿಚ್ಚು," ಎಂದ ನನಗೆ.

ಬಿಚ್ಚಿದೆ. ನನ್ನ ಕಾಲು ವ್ಯಾನಿನ ಪೆಡಲ್ ಬಿಟ್ಟರೆ ಬೇರೇನೂ ಅರಿಯದ ಕಾಲು. ಹೆಜ್ಜೆ ಹೆಜ್ಜೆಗೂ ಅವನು ಮೆಟ್ಟಿಲಿಂದಲೇ, ಈಗ? ಈಗ? ಎಂದು ಕೇಳುತ್ತಿದ್ದ. ಕಿಟಕಿಯ ಕೆಳಗೆ ಕಾದ ಹಂಚಿನ ಮೇಲೆ ಕಾಲಿಟ್ಟಂತಾಗಿ ಹಾರಿದೆ. ಅವನು ಸೀಮೆಸುಣ್ಣವನ್ನು ನನ್ನತ್ತ ಎಸೆದ. ಒಡೆದು ನೋಡಿದರೆ ತೂತು ಒಂದೂವರೆ ಗೇಣು ಆಚೆಗಿತ್ತು. ಅವನಾಗಿದ್ದರೆ ತಪ್ಪುತ್ತಿರಲಿಲ್ಲ.

ಅದು ಸಕ್ಕರೆ ಕಾಯಿಲೆ, ಕಾಲಿನ ನರ ಸತ್ತಿವೆ ಎಂದು ಡಾಕ್ಟರು ಮಾರನೆಯ ದಿನ ಹೇಳಿದರು. ವಿಲ್ಬರ್ ಆ ಮೂರು ಮನೆಗಳಿಗೂ ಕುಂಟುತ್ತಾ ಹೋದ, ತಪ್ಪಾಯಿತೆಂದು ಹೇಳಿ ಬಂದ. ಆಮೇಲೆ ಒಂಬತ್ತು ವರ್ಷ ನಾನು ನಡೆದೆ, ಅವನು ಮೆಟ್ಟಿಲ ಮೇಲೆ ಕೂತು ಬೈದ. ಎಷ್ಟು ಬೈದರೂ ಒಂದು ಗೇಣಿಗಿಂತ ಹತ್ತಿರಕ್ಕೆ ನಾನು ಬರಲೇ ಇಲ್ಲ. ಒಂದು ಸಲ ಮಾತ್ರ, ಅದೂ ಪಾದ್ರಿಯ ಮನೆಯಲ್ಲಿ...

ಬಂದೆ ಮಾರ್ಜ್, ಬಂದೆ. ನನ್ನ ಹೆಂಡತಿ ಕೂಗುತ್ತಿದ್ದಾಳೆ, ಕೊಚ್ಚಿದ ಮಾಂಸದ ಅಡುಗೆ ಆರಿ ಹೋಗುತ್ತದಂತೆ. ನೀವೂ ಏಳಿ, ಆಲೂಗಡ್ಡೆಯೂ ಇದೆ.