ಡಾಕ್ಟರ ಸೀರೆ

ಮೊನ್ನೆ ದೊಡ್ಡ ಆಸ್ಪತ್ರೆಯೊಂದರಲ್ಲಿ ನನ್ನ ಕಣ್ಣಿನ ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದೆ. ಕೌಂಟರಿನ ಹುಡುಗಿ ಬೆಲೆ ಹೇಳುವ ಮೊದಲು, ಇನ್ಶೂರೆನ್ಸ್ ಇದೆಯಾ ಎಂದು ಕೇಳಿದಳು. ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದಂತೆ. ಕಣ್ಣು ಮಾತ್ರ ಅದೇ! ನನಗೆ ನಗು ತಡೆಯಲಾಗಲಿಲ್ಲ. ಆಳು ನೋಡಿ ಬೆಲೆ ಕಟ್ಟುವ ಈ ವಿದ್ಯೆಯನ್ನು ನಾನು ಐವತ್ತರ ದಶಕದಲ್ಲೇ ಕಂಡವಳು.

ಆಗ ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋಗಿದ್ದೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಕಾಯಿಲೆ ಬಿದ್ದರೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಅವರು ಫೀಸನ್ನು ಎಲ್ಲೂ ಬರೆಸಿರಲಿಲ್ಲ. ಬಾಗಿಲಿಗೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮನಸ್ಸಿನಲ್ಲೇ ಗೊತ್ತು ಮಾಡುತ್ತಿದ್ದರು. ಬಡವರಿಗೆ ಎಂಟಾಣೆ, ಎಷ್ಟೋ ಸಲ ಅದೂ ಇಲ್ಲ. ಜರಿ ಪಂಚೆ ಕಂಡರೆ ಅದರ ಹತ್ತರಷ್ಟು. ಒಳ್ಳೆಯ ಮನುಷ್ಯ, ನ್ಯಾಯವಾಗಿಯೇ ನಡೆದುಕೊಳ್ಳುತ್ತಿದ್ದರು. ನಮ್ಮವರು ಬಿಡಬೇಕಲ್ಲ!

ಊರಿನ ದೊಡ್ಡ ಜಮೀನಿನವರೊಬ್ಬರು ತಮ್ಮ ಆಳಿನ ಟವೆಲ್ಲು ಹೊದ್ದು, ಚಪ್ಪಲಿಯನ್ನು ಹೋಟೆಲಿನಲ್ಲಿ ಬಿಟ್ಟು ಹೋಗುತ್ತಿದ್ದರು. ನಮ್ಮ ಅತ್ತೆ ಇದಕ್ಕೆಂದೇ ಒಂದು ಹರಕು ಸೀರೆಯನ್ನು ಗೂಟಕ್ಕೆ ನೇತುಹಾಕಿದ್ದರು. ಅದರ ಹೆಸರೇ ಡಾಕ್ಟರ ಸೀರೆ. ಅದಕ್ಕೆ ತೇಪೆ ಹಾಕುವಂತಿಲ್ಲ, ಒಗೆದರೆ ಅದರ ಗುಣ ಹೋಗುತ್ತದಂತೆ. ಅಕ್ಕಪಕ್ಕದವರೂ ಎರವಲು ಒಯ್ಯುತ್ತಿದ್ದರು. ತಲೆನೋವಿಲ್ಲದೆ ಅದನ್ನು ಉಟ್ಟವರಿಗೂ ಚಿಕ್ಕಬಳ್ಳಾಪುರ ಸೇರುವಷ್ಟರಲ್ಲಿ ಅದರ ವಾಸನೆಗೇ ತಲೆನೋವು ಬರುತ್ತಿತ್ತು.

ನನ್ನ ಮಗಳಿಗೆ ಎರಡು ವರ್ಷವಾಗಿದ್ದಾಗ ಜ್ವರ, ಕೆಮ್ಮು ಹಿಡಿಯಿತು. ಪಕ್ಕೆ ಸೆಳೆದುಕೊಂಡು ಉಸಿರಾಡುತ್ತಿದ್ದಳು. ಅತ್ತೆ ನನಗೆ ಡಾಕ್ಟರ ಸೀರೆ ಉಡಿಸಿದರು, ಮಗುವಿನ ಬೆಳ್ಳಿ ಗೆಜ್ಜೆ ಬಿಚ್ಚಿದರು, ತಾವೂ ಇನ್ನೊಂದು ಹರಕನ್ನು ಸುತ್ತಿಕೊಂಡರು. ಆದರೆ ಚಿನ್ನವನ್ನು ಮನೆಯಲ್ಲಿ ಬಿಟ್ಟುಹೋಗಲು ಅವರಿಗೆ ಯಾರ ಮೇಲೂ ನಂಬಿಕೆಯಿಲ್ಲ, ಹೆತ್ತ ಮಗನ ಮೇಲೂ. ತಮ್ಮ ಒಡವೆಯನ್ನೆಲ್ಲ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ಸು ಹತ್ತಿದರು.

ಡಾಕ್ಟರು ನಮ್ಮನ್ನು ನೋಡಿ ಅಯ್ಯೋ ಪಾಪ ಅಂದರು. ಕೆಂಪು ಮಿಕ್ಸ್‌ಚರನ್ನು ಬಿಟ್ಟಿಯಾಗಿಯೇ ಕೊಟ್ಟರು. ಅತ್ತೆಗೆ ಖುಷಿಯೋ ಖುಷಿ, ದಾರಿಯುದ್ದಕ್ಕೂ ಸೀರೆಯ ಮಹಿಮೆ ಹೇಳಿದರು. ಎರಡು ದಿನ ಕಳೆಯುವಷ್ಟರಲ್ಲಿ ಮಗು ಕಣ್ಣು ಬಿಡುವುದನ್ನೂ ನಿಲ್ಲಿಸಿತು. ಮತ್ತೆ ಓಡಿದೆವು, ಅದೇ ಸೀರೆಯಲ್ಲಿ! ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಸಣ್ಣದು ಮಾಡಿದರು. ದೇವರ ಮೇಲೆ ಭಾರ ಹಾಕಿ ಅಂದರು. ಇದಕ್ಕೆ ಬೇರೆ ಔಷಧಿಯೇ ಇಲ್ಲವೇ ಎಂದು ಕೇಳಿದೆ.

“ಇದೆ ಕಣಮ್ಮ. ಪೆನಿಸಿಲಿನ್ ಸೂಜಿ. ಅಂಗಡಿಯಿಂದ ತಂದು ದಿನಾ ಹಾಕ್ಬೇಕು. ನಿಮ್ಮ ಕೈಲಾಗಲ್ಲ ಅಂತ ಮೊನ್ನೆ ನಾನೇ ಹೇಳಲಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಮಗುವನ್ನು ಕೊಲ್ಲುತ್ತಿದ್ದುದು ನನ್ನ ಮೈಮೇಲಿನ ಆ ದರಿದ್ರ ಸೀರೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬೆಂಚಿನ ಮೇಲೆ ಕೂತು ಸೊಂಟದ ಗಂಟು ಬಿಚ್ಚಿದರು. ಓಲೆ ಹಾಕಿಕೊಂಡರು. ಮೂಗುತಿ, ಬಳೆ, ಕೊನೆಗೆ ಎರಡೆಳೆ ಸರ. ಸಾಲಿನಲ್ಲಿದ್ದ ರೋಗಿಗಳು ಕೆಮ್ಮುವುದನ್ನೂ ಮರೆತು ನೋಡುತ್ತಿದ್ದರು. ಅತ್ತೆಗೆ ಸಿಟ್ಟು ಬಂದರೆ ಮೊದಲು ತೆಲುಗೇ ಬರುತ್ತಿತ್ತು.

“ಇಪ್ಪುಡು ಚೂಡಪ್ಪ. ಈಗ ನನ್ನ ನೋಡಿ ಹೇಳು, ಮಗೂಗೆ ಯಾವ ಔಷಧಿ ಅಂತ.”

ಡಾಕ್ಟರು ಹರಕು ಸೆರಗನ್ನು ನೋಡಿದರು, ಅದರ ಮೇಲಿನ ಸರವನ್ನು ನೋಡಿದರು. ಕಾಂಪೌಂಡರನ್ನು ಅಂಗಡಿಗೆ ಓಡಿಸಿದರು. ಮಗಳು ಉಳಿದಳು. ಕೊನೆಯ ಸೂಜಿಯ ದಿನ ಅವರು ಕೇಳಿದ ಫೀಸಿನಲ್ಲಿ ನಮ್ಮ ಮನೆಮಂದಿ ಅದುವರೆಗೆ ಬಿಟ್ಟಿ ಕುಡಿದ ಮಿಕ್ಸ್‌ಚರೆಲ್ಲ ಸೇರಿತ್ತು ಅನ್ನುವುದು ನನ್ನ ಗುಮಾನಿ. ಅತ್ತೆ ಚೌಕಾಸಿ ಮಾಡದೆ ಕೊಟ್ಟರು. ಬಸ್ಸಿನಲ್ಲಿ ಮಾತ್ರ ಊರು ಬರುವ ತನಕ ಶಪಿಸಿದರು.

ಮುಂದಿನ ವಾರ ಪಕ್ಕದ ಮನೆಯಾಕೆ ಜ್ವರದ ಮಗುವನ್ನು ಎತ್ತಿಕೊಂಡು ಬಂದು ಡಾಕ್ಟರ ಸೀರೆ ಕೇಳಿದಳು. ಗೂಟ ಖಾಲಿಯಿತ್ತು, ಸೀರೆ ಆಗಲೇ ಒಲೆ ಒರೆಸುವ ಬಟ್ಟೆಯಾಗಿತ್ತು. ಅತ್ತೆ ತಮ್ಮ ಕೊರಳಿಗೆ ಕೈ ಹಾಕಿ ಎರಡೆಳೆ ಸರ ಬಿಚ್ಚಿದರು.

“ಇದನ್ನ ಹಾಕ್ಕೊಂಡು ಹೋಗು ಕಣೇ,” ಅಂದರು.

ಸಂಜೆಯವರೆಗೂ ರಸ್ತೆ ಬದಿಯ ಹುಣಸೆಮರದ ಕೆಳಗೇ ಕೂತಿದ್ದರು, ಊಟಕ್ಕೂ ಏಳಲಿಲ್ಲ. ಬಸ್ಸಿಳಿದವಳ ಬಳಿ ಓಡಿದಾಗ ಅವರ ಒಂದು ಕೈ ಮಗುವಿನ ಹಣೆ ಮುಟ್ಟಿ ನೋಡಿತು, ಇನ್ನೊಂದು ಕೈ ಸರವನ್ನು.